ಖಾರಾ ಬಿಸ್ಕತ್ತಿಗೆ ಬಂದರಿನಲ್ಲಿ ಎರಡು ಹೆಸರೇಕೆ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕು, ಪೊಟ್ಟಣದ ಖಾರದ ತಿಂಡಿ ಇವೆಲ್ಲದರ ಮೇಲಿನ ಜಿಎಸ್‌ಟಿ ಒಂದೇ ಮಟ್ಟಕ್ಕೆ, ಅಂದರೆ ಶೇ 5ಕ್ಕೆ, ಇಳಿದ ಮೇಲೆ ‘ಇದು ಬಿಸ್ಕತ್ತೋ, ಕುರುಕಲು ತಿಂಡಿಯೋ’ ಎಂಬ ಹಳೆಯ ತಕರಾರು ಮುಗಿದೇಹೋಯಿತು ಎಂಬ ಮಾತು ವ್ಯಾಪಾರಿಗಳ ನಡುವೆಯೂ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿಯೂ ಕೇಳಿಬರುತ್ತಿದೆ. ಅಂಗಡಿಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಬಂದರಿನ ಮಟ್ಟಿಗೆ ನಿಜವಲ್ಲ. ಹೊರದೇಶದಿಂದ ಬರುವ, ಬೇಕರಿ ಒಲೆಯಲ್ಲಿ (ಓವನ್) ಬೇಯಿಸಿದ ಉಪ್ಪು–ಖಾರದ ತಿಂಡಿಗಳ ವಿಷಯದಲ್ಲಿ ಆ ತಕರಾರು ಹಾಗೆಯೇ ಉಳಿದಿದೆ. ಅದು ಉಳಿದಿರುವುದು ಜಿಎಸ್‌ಟಿಯಲ್ಲಿ ಅಲ್ಲ, ಅದಕ್ಕೂ ಮೊದಲು ಕಟ್ಟಬೇಕಾದ ಮೂಲ ಸೀಮಾಸುಂಕದಲ್ಲಿ. ಆಮದುದಾರರ ಪರವಾಗಿ ಸುಂಕದ ಕಾಗದಪತ್ರ ಸಲ್ಲಿಸಿ ಸರಕು ಬಿಡಿಸಿಕೊಡುವ ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ದಾಖಲೆಗಳ ಕೆಲಸ ಮಾಡಿ ನಿವೃತ್ತನಾದವನು ನಾನು. ವೈಟ್‌ಫೀಲ್ಡಿನ ಕಂಟೇನರ್ ಡಿಪೊಗೂ ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗಕ್ಕೂ ಓಡಾಡಿ ಸವೆದ ಚಪ್ಪಲಿಯ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕವಿಲ್ಲದೆ ಈ ಜಗಳ ಬರೀ ಶಬ್ದದ ಜಗಳದಂತೆ ಕಾಣುತ್ತದೆ. ಸುಂಕದ ಪಟ್ಟಿಯಲ್ಲಿ 1905 ಎಂಬ ಶೀರ್ಷಿಕೆ ಬ್ರೆಡ್ಡು, ಕೇಕು, ಬಿಸ್ಕತ್ತು ಮತ್ತು ಇತರ ಬೇಕರಿ ಸರಕುಗಳದ್ದು; ಅಲ್ಲಿ ಮೂಲ ಸುಂಕ ಶೇ 30. ಇನ್ನೊಂದು, 2106 ಎಂಬುದು, ‘ಬೇರೆಲ್ಲಿಯೂ ಹೇಳದ ಆಹಾರ ಪದಾರ್ಥಗಳು’ ಎಂಬ ಉಳಿಕೆಯ ಶೀರ್ಷಿಕೆ. ಅದರ 2106 90 ಎಂಬ ಭಾಗದ ಮೇಲಿನ ಸುಂಕವನ್ನು 2018ರ ಕೇಂದ್ರ ಬಜೆಟ್‌ನಲ್ಲಿ ಶೇ 30ರಿಂದ ಶೇ 50ಕ್ಕೆ ಏರಿಸಲಾಯಿತು. ಅದೇ ಬಜೆಟ್‌ನಲ್ಲಿ ಬಂದ ಸಮಾಜ ಕಲ್ಯಾಣ ಸರ್ಚಾರ್ಜ್ ಮೂಲ ಸುಂಕದ ಶೇ 10. ಹೀಗಾಗಿ ₹100 ಮೌಲ್ಯದ ತಿಂಡಿ 1905ರಲ್ಲಿ ಬಂದರೆ ಸುಂಕ ಮತ್ತು ಸರ್ಚಾರ್ಜ್ ಸೇರಿ ₹33, ಆ ₹133ರ ಮೇಲೆ ಶೇ 5ರ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ₹6.65, ಒಟ್ಟು ₹39.65. ಅದೇ ಪೊಟ್ಟಣ 2106ರಲ್ಲಿ ಬಂದರೆ ₹55, ಆ ₹155ರ ಮೇಲೆ ಐಜಿಎಸ್‌ಟಿ ₹7.75, ಒಟ್ಟು ₹62.75. ನೂರು ರೂಪಾಯಿಗೆ ಇಪ್ಪತ್ತಮೂರು ರೂಪಾಯಿ ಹತ್ತು ಪೈಸೆಯ ಅಂತರ. ಐಜಿಎಸ್‌ಟಿಯನ್ನು ಆಮದುದಾರ ಮುಂದೆ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ವಾಪಸು ಪಡೆಯಬಹುದು. ಮೂಲ ಸುಂಕಕ್ಕೆ ಆ ಭಾಗ್ಯವಿಲ್ಲ, ಅದು ಸರಕಿನ ಬೆಲೆಗೆ ಅಂಟಿಕೊಂಡೇ ಅಂಗಡಿಯವರೆಗೆ ಬರುತ್ತದೆ. ಜಿಎಸ್‌ಟಿ ದರಗಳು ಒಂದಾದರೂ ಈ ಅಂತರ ಸರಿಹೋಗಲಿಲ್ಲ ಎಂದು ನಾನು ಹೇಳುವುದು ಇದನ್ನೇ.

ಇನ್ನು ಯಾವ ತಿಂಡಿ ಎಲ್ಲಿ ಸೇರಬೇಕು ಎಂಬುದನ್ನು ನಿರ್ಧರಿಸುವ ಬಗೆ. ಜಗತ್ತಿನ ಬಹುತೇಕ ದೇಶಗಳು 1988ರ ಜನವರಿ 1ರಿಂದ ಜಾರಿಯಲ್ಲಿರುವ ಒಂದೇ ಸರಕು ಪಟ್ಟಿಯನ್ನು ಬಳಸುತ್ತವೆ. ವಿಶ್ವ ಕಸ್ಟಮ್ಸ್ ಸಂಸ್ಥೆ ನಿರ್ವಹಿಸುವ ಈ ಪಟ್ಟಿಯ ಮೊದಲ ಆರು ಅಂಕಿಗಳು ಎಲ್ಲರಿಗೂ ಸಮಾನ, ಆಮೇಲಿನವು ಆಯಾ ದೇಶದವು. ನಮ್ಮಲ್ಲಿ ಒಟ್ಟು ಎಂಟು ಅಂಕಿ. ಪಟ್ಟಿಯ ಜೊತೆಗೆ ಆ ಸಂಸ್ಥೆ ವಿವರಣಾ ಟಿಪ್ಪಣಿಗಳನ್ನು ಪ್ರಕಟಿಸುತ್ತದೆ. ಅವು ನಮ್ಮ ಸಂಸತ್ತಿನ ಕಾಯ್ದೆಯಲ್ಲ. ಆದರೆ ನಮ್ಮ ಪಟ್ಟಿ ಅದೇ ಮಾದರಿಯಲ್ಲಿ ರಚಿತವಾಗಿರುವುದರಿಂದ ಸಂದೇಹ ಬಂದಾಗ ಆ ಟಿಪ್ಪಣಿಗಳೇ ಭದ್ರವಾದ ದಾರಿದೀಪ ಎಂದು ಸುಪ್ರೀಂ ಕೋರ್ಟು 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿಯೇ ಹೇಳಿದೆ.

ಆ ಟಿಪ್ಪಣಿಗಳನ್ನು ಓದಿದರೆ ಖಾರದ ತಿಂಡಿಗಳ ಹಂಚಿಕೆಯಲ್ಲಿ ಒಂದು ಸರಳವಾದ, ಅಡುಗೆಮನೆಯಲ್ಲಿ ಕೂತು ಬರೆದಂತಹ ವಿವೇಕ ಕಾಣುತ್ತದೆ. ಧಾನ್ಯ ಕಾಳಾಗಿಯೇ ಉಳಿದು ಬಿಸಿಗೆ ಅರಳಿದ್ದರೆ, ನಮ್ಮ ಮಂಡಕ್ಕಿಯ ಹಾಗೆ, ಅದರ ಮೇಲೆ ಖಾರ ಮಸಾಲೆ ಸಿಂಪಡಿಸಿದ್ದರೂ ಅದು 1904. ಆಲೂಗಡ್ಡೆಯನ್ನು ಹೋಳು ಮಾಡಿ ಕರಿದಿದ್ದರೆ ಅಥವಾ ಬೇಯಿಸಿದ್ದರೆ ಅದು ತರಕಾರಿಯ ಅಧ್ಯಾಯದ 2005. ಹಿಟ್ಟು ಕಲಸಿ, ಆ ಕಲಸಿದ ಹಿಟ್ಟಿನಿಂದ ಮಾಡಿದ ಗರಿಗರಿ ತಿಂಡಿಯಾದರೆ ಅದು 1905. ಆ ಹಿಟ್ಟು ಗೋಧಿಯದೋ, ಜೋಳದ್ದೋ, ಆಲೂಗಡ್ಡೆ ಪುಡಿಯದೋ ಎಂಬುದು ಮುಖ್ಯವಲ್ಲ. ಎಣ್ಣೆಯಲ್ಲಿ ಕರಿದ, ಚೀಸು–ಉಪ್ಪು ಸವರಿದ ಜೋಳದ ಹಿಟ್ಟಿನ ತಿಂಡಿಯನ್ನೂ ಆ ಟಿಪ್ಪಣಿ 1905ರಲ್ಲಿಯೇ ಇಟ್ಟಿದೆ. ಕರಿದದ್ದಕ್ಕೇ ಅಲ್ಲಿ ಜಾಗವಿರುವಾಗ ಒಲೆಯಲ್ಲಿ ಬೆಂದದ್ದಕ್ಕೆ ಇಲ್ಲವೆನ್ನುವುದು ಹೇಗೆ? ಬಿಸ್ಕತ್ತಿನ ವಿವರಣೆಯಲ್ಲಂತೂ ಸಿಹಿ ಬಿಸ್ಕತ್ತಿನ ಜೊತೆಜೊತೆಗೇ ಉಪ್ಪಿನ ಮತ್ತು ಖಾರದ ಬಿಸ್ಕತ್ತುಗಳ ಹೆಸರೂ ಇದೆ. ಮಾಂಸ ಅಥವಾ ಮೀನಿನ ಅಂಶ ತೂಕದಲ್ಲಿ ಶೇ 20 ಮೀರಿದರೆ ಮಾತ್ರ ಸರಕು ಈ ಅಧ್ಯಾಯ ಬಿಟ್ಟು 16ನೆಯ ಅಧ್ಯಾಯಕ್ಕೆ ಹೋಗುತ್ತದೆ, ಅದು ಬೇರೆ ಮಾತು.

ನಮ್ಮದೇ ಎಂಟು ಅಂಕಿಯ ಪಟ್ಟಿಯೂ ಇದನ್ನು ಒಪ್ಪುತ್ತದೆ. 1905 31 ಸಿಹಿ ಬಿಸ್ಕತ್ತಿಗೆ ಮೀಸಲು. ಸಿಹಿಯಲ್ಲದ ಬಿಸ್ಕತ್ತು ಇದೆ ಎಂಬ ಅರಿವಿಲ್ಲದಿದ್ದರೆ ‘ಸಿಹಿ’ ಎಂಬ ವಿಶೇಷಣವೇ ಬೇಕಿರಲಿಲ್ಲ. ಆ ಸಿಹಿಯಲ್ಲದವುಗಳಿಗಾಗಿಯೇ 1905 90 20 ಎಂಬ ಸಾಲಿದೆ. 1905 90 30 ಎಂಬ ಸಾಲಿನ ಒಕ್ಕಣೆಯಲ್ಲಿ ಯಂತ್ರದಲ್ಲಿ ಒತ್ತಿ ತೆಗೆದ ಅಥವಾ ಉಬ್ಬಿಸಿದ, ‘ಖಾರದ ಅಥವಾ ಉಪ್ಪಿನ’ ಪದಾರ್ಥಗಳು ಎಂದು ಸ್ಪಷ್ಟವಾಗಿದೆ. ಅದರ ಕೆಳಗೆ, 1905 90 40ರಲ್ಲಿ, ಹಪ್ಪಳ! ಯಾವ ಬೇಕರಿಯಲ್ಲಿಯೂ ತಯಾರಾಗದ, ತಾರಸಿಯ ಮೇಲೆ ಹಳೆ ಸೀರೆ ಹಾಸಿ ಒಣಗಿಸುವ ಹಪ್ಪಳಕ್ಕೆ ಬೇಕರಿ ಸರಕುಗಳ ನಡುವೆ ಸ್ವಂತ ಸಾಲು ಕೊಟ್ಟ ದೇಶ ನಮ್ಮದು. ಅದೇ ಶೀರ್ಷಿಕೆಯಲ್ಲಿ ಚರ್ಚಿನ ಪೂಜೆಯ ವೇಫರ್, ಔಷಧಿ ತುಂಬುವ ಖಾಲಿ ಕವಚ, ಲಕೋಟೆಗೆ ಅಂಟಿಸುವ ಹಿಟ್ಟಿನ ಬಿಲ್ಲೆಗಳೂ ಇವೆ ಎಂಬುದನ್ನು ಓದುಗರು ನಂಬುವುದು ಕಷ್ಟ, ಆದರೂ ನಿಜ. ಇಷ್ಟು ಉದಾರವಾದ ಶೀರ್ಷಿಕೆಯಿಂದ ಉಪ್ಪು ಹಾಕಿ ಬೇಯಿಸಿದ ಗೋಧಿ ಬಿಸ್ಕತ್ತನ್ನು ಹೊರಗೆ ಹಾಕುವ ಪ್ರಯತ್ನ ನಡೆಯುವುದಾದರೂ ಹೇಗೆ?

ಅದಕ್ಕೆ ಉತ್ತರ 21ನೆಯ ಅಧ್ಯಾಯದ ಆರಂಭದಲ್ಲಿರುವ, ನಮ್ಮ ದೇಶವೇ ಸೇರಿಸಿಕೊಂಡ ಆರನೆಯ ಪೂರಕ ಟಿಪ್ಪಣಿಯಲ್ಲಿದೆ. 2106 90 99 ಎಂಬ ಸಾಲಿನಲ್ಲಿ ಮಿಠಾಯಿಗಳೂ, ‘ನಮ್ಕೀನ್’, ‘ಮಿಕ್ಸ್‌ಚರ್’, ‘ಭುಜಿಯಾ’, ‘ಚಬೇನಾ’ ಎಂದು ಸಾಮಾನ್ಯವಾಗಿ ಕರೆಯುವ ಅಥವಾ ಬೇರಾವುದೇ ಹೆಸರಿನಿಂದ ಕರೆಯುವ ಪದಾರ್ಥಗಳೂ ಸೇರುತ್ತವೆ, ಅವುಗಳಲ್ಲಿ ಬಳಸಿದ ಸಾಮಗ್ರಿ ಯಾವುದೇ ಇದ್ದರೂ ಅವು ಅಲ್ಲಿಯೇ ಉಳಿಯುತ್ತವೆ ಎಂಬುದು ಅದರ ತಾತ್ಪರ್ಯ. ಈ ಟಿಪ್ಪಣಿ ಬಂದ ಉದ್ದೇಶವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಮಿಕ್ಸ್‌ಚರಿನಲ್ಲಿ ಕಡಲೆಹಿಟ್ಟಿನ ಸೇವೆ, ಕಡಲೆಕಾಯಿ ಬೀಜ, ಅವಲಕ್ಕಿ, ಕರಿಬೇವು ಎಲ್ಲವೂ ಇರುತ್ತವೆ. ಒಂದೊಂದನ್ನೂ ಬೇರ್ಪಡಿಸಿ ಯಾವುದು ಹೆಚ್ಚು ಎಂದು ತೂಗುತ್ತಾ ಕೂರುವುದು ಬೇಡವೆಂದು ಅವನ್ನೆಲ್ಲ ಒಂದೇ ಕಡೆ ಇಟ್ಟದ್ದು ಸರಿಯಾಗಿಯೇ ಇದೆ. ತೊಂದರೆಯಿರುವುದು ‘ಬೇರಾವುದೇ ಹೆಸರಿನಿಂದ’ ಎಂಬ ಪದಗಳನ್ನು ಬಲೆಯಂತೆ ಬೀಸುವುದರಲ್ಲಿ. ಉಪ್ಪಿದೆ, ಖಾರವಿದೆ, ಸಂಜೆ ಹೊತ್ತು ಕುರುಕಲು ತಿನ್ನುತ್ತಾರೆ, ಆದ್ದರಿಂದ ಇದೂ ನಮ್ಕೀನ್. ಹೀಗೆ ವಾದಿಸಿದರೆ ಇಟಲಿಯ ಬ್ರೆಡ್‌ಸ್ಟಿಕ್, ಜರ್ಮನಿಯ ಪ್ರೆಟ್ಜೆಲ್, ಜಪಾನಿನ ಅಕ್ಕಿ ಕ್ರ್ಯಾಕರ್, ಪಶ್ಚಿಮ ಏಷ್ಯಾದ ಪಿಟಾ ಚಿಪ್ಸ್ ಎಲ್ಲವೂ ಬಿಕಾನೇರಿನ ಭುಜಿಯಾದ ಸೋದರಸಂಬಂಧಿಗಳಾಗುತ್ತವೆ.

ಈ ವಾದದಲ್ಲಿರುವ ಬಿರುಕನ್ನು ಇಲಾಖೆಯ ಪ್ರಶ್ನೆಗಳಿಗೆ ಕೊಟ್ಟ ಹಲವು ಉತ್ತರಗಳಲ್ಲಿ ನಾನು ಬರೆದಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಟಿಪ್ಪಣಿಯು ಹೆಸರು ಯಾವುದಾದರೂ ಸರಿ ಎನ್ನುತ್ತದೆ, ಸಾಮಗ್ರಿ ಯಾವುದಾದರೂ ಸರಿ ಎನ್ನುತ್ತದೆ. ಮಾಡುವ ಬಗೆ ಯಾವುದಾದರೂ ಸರಿ ಎಂದು ಎಲ್ಲಿಯೂ ಹೇಳುವುದಿಲ್ಲ. ಹೆಸರು ಬದಲಾದರೂ ವಸ್ತು ನಮ್ಕೀನೇ ಆಗಿರಬೇಕು. ಅದು ನಮ್ಕೀನೇ ಎಂದು ಮೊದಲು ತೋರಿಸಿದ ಮೇಲಷ್ಟೇ ಟಿಪ್ಪಣಿಯ ಬಾಗಿಲು ತೆರೆಯುತ್ತದೆ. ಟಿಪ್ಪಣಿಯನ್ನೇ ಹಿಡಿದು ಅದನ್ನು ನಮ್ಕೀನ್ ಎಂದು ಸಾಧಿಸುವುದು ಸುತ್ತುವಾದ. ಹೀಗೆ ತೋರಿಸುವ ಹೊಣೆ ಯಾರದು ಎಂಬುದನ್ನೂ ಸುಪ್ರೀಂ ಕೋರ್ಟು 2006ರ ಎಚ್‌ಪಿಎಲ್ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ: ಆಮದುದಾರ ಅಥವಾ ತಯಾರಕ ಹೇಳಿದ ಶೀರ್ಷಿಕೆ ಬೇಡ, ಬೇರೆ ಶೀರ್ಷಿಕೆ ಬೇಕು ಎನ್ನುವ ಇಲಾಖೆಯೇ ಪುರಾವೆ ಒದಗಿಸಬೇಕು.

ಜನಸಾಮಾನ್ಯರ ಮಾತಿನಲ್ಲಿ ಯಾವುದನ್ನು ಏನೆನ್ನುತ್ತಾರೆ ಎಂಬುದೂ ವರ್ಗೀಕರಣದಲ್ಲಿ ಒಂದು ಒಪ್ಪಿತ ಅಳತೆಗೋಲು. ಇದಕ್ಕೆ ಜರ್ಮನಿಗೋ ಜಪಾನಿಗೋ ಹೋಗಬೇಕಾಗಿಲ್ಲ, ಬೆಂಗಳೂರಿನ ಯಾವುದೇ ಅಯ್ಯಂಗಾರ್ ಬೇಕರಿಗೆ ಹೋದರೆ ಸಾಕು. ಅಲ್ಲಿ ಗಾಜಿನ ಕಪಾಟಿನಲ್ಲಿ ಬೆಣ್ಣೆ ಬಿಸ್ಕತ್ತಿನ ಪಕ್ಕದಲ್ಲಿಯೇ ಖಾರಾ ಬಿಸ್ಕತ್ತು ಇರುತ್ತದೆ. ಅದರಲ್ಲಿ ಹಸಿಮೆಣಸಿನಕಾಯಿ ಇದೆ, ಕೊತ್ತಂಬರಿ ಸೊಪ್ಪು ಇದೆ, ಉಪ್ಪಿದೆ; ಆದರೂ ಅದನ್ನು ಯಾರೂ ಖಾರ ಎಂದು ಕೇಳಿ ಕೊಳ್ಳುವುದಿಲ್ಲ, ಖಾರಾ ಬಿಸ್ಕತ್ತು ಎಂದೇ ಕೇಳುತ್ತಾರೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾಸೇವೆ ಬೇಕಾದವರು ಅಲ್ಲಿಂದ ಎರಡು ಅಂಗಡಿ ಆಚೆ ಇರುವ ಕಾಂಡಿಮೆಂಟ್ಸ್ ಅಂಗಡಿಗೆ ಹೋಗುತ್ತಾರೆ. ಒಂದು ಕಡೆ ಒಲೆ, ಇನ್ನೊಂದು ಕಡೆ ಎಣ್ಣೆ ಬಾಣಲೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಮಾರುವವರಿದ್ದಾರೆ ನಿಜ, ಅಲ್ಲಿಯೂ ಡಬ್ಬಗಳ ಸಾಲು ಬೇರೆ ಬೇರೆಯೇ. ಮೊದಲ ಸಲ ಊರಿಗೆ ಬಂದ ಸೊಸೆಗೂ ಗೊತ್ತಾಗುವ ಈ ವ್ಯತ್ಯಾಸ ಸುಂಕದ ಕಡತದಲ್ಲಿ ಮಾಯವಾಗುವುದು ನನಗಂತೂ ವಿಚಿತ್ರವಾಗಿ ಕಂಡಿದೆ. ಒಂದು ಮಾತನ್ನು ನ್ಯಾಯಕ್ಕಾಗಿ ಸೇರಿಸಬೇಕು: ಈ ಅಳತೆಗೋಲು ಊರಿಂದೂರಿಗೆ ಬದಲಾಗುತ್ತದೆ. ಉತ್ತರದ ಕಡೆ ಮೈದಾ ಹಿಟ್ಟಿನ ಮಠರಿಯನ್ನು ಕರಿಯುತ್ತಾರೆ, ಬೇಯಿಸಿಯೂ ಮಾರುತ್ತಾರೆ, ಎರಡನ್ನೂ ನಮ್ಕೀನ್ ಎನ್ನುತ್ತಾರೆ. ಅಲ್ಲಿಂದ ಬಂದ ಅಧಿಕಾರಿಗೆ ಬೇಯಿಸಿದ ಕ್ರ್ಯಾಕರ್ ನೋಡಿದಾಗ ಮಠರಿ ನೆನಪಾದರೆ ಅವರನ್ನು ದೂರಲಾಗದು.

ಅಧಿಕಾರಿ ಎಲ್ಲಿಯವರು ಎಂಬ ಮಾತು ಏಕೆ ಬಂತೆಂದರೆ, ಈಗ ಸರಕು ಬೆಂಗಳೂರಿಗೆ ಬಂದರೂ ಅದರ ಕಡತವನ್ನು ನೋಡುವವರು ಬೆಂಗಳೂರಿನಲ್ಲಿಯೇ ಇರಬೇಕೆಂದಿಲ್ಲ. ಮುಖಾಮುಖಿಯಿಲ್ಲದ ಮೌಲ್ಯಮಾಪನ 2020ರ ಜೂನ್ 8ರಂದು ಮೊದಲ ಹಂತದಲ್ಲಿ ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಯಂತ್ರೋಪಕರಣಗಳ ಎರಡು ಅಧ್ಯಾಯಗಳಿಗೆ ಆರಂಭವಾಗಿ, ಅದೇ ಅಕ್ಟೋಬರ್ ತಿಂಗಳ ಕೊನೆಗೆ ದೇಶದೆಲ್ಲೆಡೆ ಎಲ್ಲ ಸರಕಿಗೂ ಬಂತು. ಅದರಿಂದ ಲಾಭಗಳಿವೆ, ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ದಿನಗಳನ್ನು ಕಂಡ ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ಆದರೆ ತಿಂಡಿಯ ಪೊಟ್ಟಣ ಒಡೆದು ತೋರಿಸಿ, ‘ನೋಡಿ ಸರ್, ಇದರಲ್ಲಿ ಎಣ್ಣೆ ಜಿಡ್ಡೇ ಇಲ್ಲ, ಪದರ ಪದರವಾಗಿ ಒಲೆಯಲ್ಲಿ ಉಬ್ಬಿದೆ’ ಎನ್ನುವ ಅವಕಾಶ ಹೋಯಿತು. ಈಗ ಎಲ್ಲವೂ ಕಾಗದದ ಮೇಲೆ. ಕಾಗದದ ಮೇಲೆ ಸರಕಿನ ವಿವರ ‘ಸೇವರಿ ಸ್ನ್ಯಾಕ್’ ಎಂಬ ಎರಡು ಪದಗಳಲ್ಲಿ ಬಂದಿದ್ದರೆ ಆಮದುದಾರನೇ ಅರ್ಧ ಸೋತಂತೆ. ಹೊರದೇಶದ ಪೂರೈಕೆದಾರರು ಇನ್‌ವಾಯ್ಸಿನಲ್ಲಿ ಮಾರುಕಟ್ಟೆಯ ಭಾಷೆ ಬರೆಯುತ್ತಾರೆ. ಸುಂಕದ ಪಟ್ಟಿಗೆ ಬೇಕಾಗಿರುವುದು ಹಿಟ್ಟು ಯಾವುದು, ಶೇಕಡಾ ಎಷ್ಟು, ಕಲಸಿದ್ದೋ ಒತ್ತಿದ್ದೋ ಉಬ್ಬಿಸಿದ್ದೋ, ಕೊನೆಗೆ ಬೇಯಿಸಿದ್ದೋ ಕರಿದದ್ದೋ ಎಂಬ ಭಾಷೆ. ಈ ಒಂದು ಪುಟದ ತಯಾರಿಕಾ ವಿವರವನ್ನು ಆರ್ಡರು ಕೊಡುವ ಮೊದಲೇ ತರಿಸಿಕೊಳ್ಳದ ಆಮದುದಾರರು ಆಮೇಲೆ ಇಲಾಖೆಯನ್ನು ಬಯ್ಯುವುದನ್ನು ನಾನು ಬಹಳ ನೋಡಿದ್ದೇನೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, 2021ರಲ್ಲಿ, ಇಂಥದೊಂದು ಕಂಟೇನರ್ ನಮ್ಮ ಕಚೇರಿಯ ಮೂಲಕ ಬಂತು. ಗೋಧಿ ಹಿಟ್ಟಿನ, ಒಲೆಯಲ್ಲಿ ಬೇಯಿಸಿದ, ಮೆಣಸು ಮತ್ತು ಗಿಡಮೂಲಿಕೆ ಸವರಿದ ತೆಳು ಕ್ರ್ಯಾಕರುಗಳು. ನಾವು 1905 90 20 ಎಂದು ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ಸಲ್ಲಿಸಿದೆವು. ಬಂದ ಪ್ರಶ್ನೆ ಎರಡೇ ಸಾಲಿನದು: ಸರಕು ನಮ್ಕೀನ್ ಸ್ವರೂಪದ್ದಾಗಿರುವಾಗ 2106 90 99ರಲ್ಲಿ ಏಕೆ ವರ್ಗೀಕರಿಸಬಾರದು? ತಮಾಷೆಯೆಂದರೆ, ಆಗ ಪೊಟ್ಟಣದ ನಮ್ಕೀನಿಗೆ ಐಜಿಎಸ್‌ಟಿ ಶೇ 12 ಇತ್ತು, ಬಿಸ್ಕತ್ತಿಗೆ ಶೇ 18. ಇಲಾಖೆಯ ಲೆಕ್ಕದಲ್ಲಿ ಮೂಲ ಸುಂಕಕ್ಕೆ ನಮ್ಕೀನಿನ ಶೇ 50, ಐಜಿಎಸ್‌ಟಿಗೆ ಮಾತ್ರ ಶೇ 18 ಎಂದೇ ಹಾಕಲಾಗಿತ್ತು. ಸುಂಕಕ್ಕೆ ನಮ್ಕೀನ್, ತೆರಿಗೆಗೆ ಅಲ್ಲ. ಇದನ್ನು ತೋರಿಸಿದಾಗ ಐಜಿಎಸ್‌ಟಿಯನ್ನು ತಿದ್ದಿದರು, ವರ್ಗೀಕರಣವನ್ನು ತಿದ್ದಲಿಲ್ಲ.

ಇಂಥ ಸಂದರ್ಭದಲ್ಲಿ ಕಾನೂನು ಆಮದುದಾರನಿಗೆ ದಾರಿಗಳನ್ನು ಕೊಟ್ಟಿದೆ. ಕಸ್ಟಮ್ಸ್ ಕಾಯ್ದೆಯ 17ನೆಯ ಸೆಕ್ಷನ್ನಿನಡಿ ಹದಿನೈದು ದಿನಗಳೊಳಗೆ ಕಾರಣಸಹಿತ ಆದೇಶ ಕೇಳಬಹುದು. 18ನೆಯ ಸೆಕ್ಷನ್ನಿನಡಿ ಬಾಂಡ್ ಕೊಟ್ಟು ತಾತ್ಕಾಲಿಕ ಮೌಲ್ಯಮಾಪನದ ಮೇಲೆ ಸರಕು ಬಿಡಿಸಿಕೊಳ್ಳಬಹುದು. ಆದರೆ ತಿನ್ನುವ ಸರಕಿಗೆ ಬೇರೊಂದು ಗಡಿಯಾರವಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಆಮದು ನಿಯಮಗಳ ಪ್ರಕಾರ ಬಿಡುಗಡೆಯ ಹೊತ್ತಿಗೆ ಆಹಾರದ ಬಾಳಿಕೆಯ ಅವಧಿಯಲ್ಲಿ ಶೇ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಕಡಿಮೆಯಾದದ್ದು ಉಳಿದಿರಲೇಬೇಕು. ಕ್ರ್ಯಾಕರಿನ ಆಯುಸ್ಸೇ ಕೆಲವು ತಿಂಗಳು, ಅದರಲ್ಲಿ ಹಡಗಿನ ಪ್ರಯಾಣ ಆಗಲೇ ಒಂದು ಪಾಲು ತಿಂದಿರುತ್ತದೆ. ಡಿಪೊದಲ್ಲಿ ಡೆಮರೇಜ್ (ಸರಕು ಬಿಡಿಸಿಕೊಳ್ಳಲು ತಡವಾದದ್ದಕ್ಕೆ ತೆರುವ ಬಾಡಿಗೆ) ದಿನದ ಲೆಕ್ಕದಲ್ಲಿ ಏರುತ್ತದೆ. ಹೀಗಿರುವಾಗ ಸಣ್ಣ ಆಮದುದಾರ ವಾದ ಮುಗಿಯುವವರೆಗೆ ಕಾಯುವ ಬದಲು, ತನ್ನ ಆಕ್ಷೇಪವನ್ನು ದಾಖಲಿಸಿ (‘ಅಂಡರ್ ಪ್ರೊಟೆಸ್ಟ್’) ಹೆಚ್ಚಿನ ಸುಂಕ ಕಟ್ಟಿ ಸರಕು ಒಯ್ಯುತ್ತಾನೆ. ನಮ್ಮ ಕಕ್ಷಿದಾರರೂ ಹಾಗೆಯೇ ಮಾಡಿದರು.

ಪ್ರಶ್ನೆ ಕೇಳದೆ ಸರಕು ಸಲೀಸಾಗಿ ಹೊರಬಂದರೂ ನೆಮ್ಮದಿಯಿಲ್ಲ. 2011ರಿಂದ ಸ್ವಯಂ ಮೌಲ್ಯಮಾಪನ ಬಂದ ಮೇಲೆ ಸರಿಯಾದ ಶೀರ್ಷಿಕೆ ಹಾಕುವ ಹೊಣೆ ಆಮದುದಾರನದೇ. ಆಮೇಲೆ ಲೆಕ್ಕ ಪರಿಶೋಧನೆಯಲ್ಲಿ ಇದು 2106 ಎಂದು ಯಾರಿಗಾದರೂ ತೋರಿದರೆ 28ನೆಯ ಸೆಕ್ಷನ್ನಿನಡಿ ಎರಡು ವರ್ಷ ಹಿಂದಕ್ಕೆ ಹೋಗಿ ವ್ಯತ್ಯಾಸ ಕೇಳಬಹುದು. ಬೇಕೆಂದೇ ಮರೆಮಾಚಿದ್ದೀರಿ ಎಂದರೆ ಐದು ವರ್ಷ, ಜೊತೆಗೆ ಸುಂಕದಷ್ಟೇ ದಂಡ. ಪಟ್ಟಿಯ ಅರ್ಥದ ಬಗ್ಗೆ ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ಇರುವವನ ಮೇಲೂ ‘ಮರೆಮಾಚಿದ’ ಎಂಬ ಪದ ಎಷ್ಟು ಸಲೀಸಾಗಿ ನೋಟಿಸುಗಳಲ್ಲಿ ಬರುತ್ತದೆ ಎಂಬುದನ್ನು ಈ ವೃತ್ತಿಯವರೆಲ್ಲ ಬಲ್ಲರು.

ನಮ್ಮ ರಾಜ್ಯದ ಓದುಗರಿಗೆ ಇದೇ ಎರಡು ಶೀರ್ಷಿಕೆಗಳ ಕುಸ್ತಿ ಇನ್ನೊಂದು ವೇಷದಲ್ಲಿ ಪರಿಚಿತ. 2020ರಲ್ಲಿ ತೆರಿಗೆಯ ಸಂದೇಹಗಳಿಗೆ ವ್ಯಾಪಾರಿಗೆ ಮೊದಲೇ ಉತ್ತರ ಕೊಡುವ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವು ಪೊಟ್ಟಣದಲ್ಲಿ ಮಾರುವ ಪರೋಟವು 1905ರ ರೊಟ್ಟಿಯ ಸಾಲಿಗೆ ಸೇರುವುದಿಲ್ಲ, ಅದನ್ನು ತಿನ್ನುವ ಮೊದಲು ಬಿಸಿ ಮಾಡಬೇಕು, ಆದ್ದರಿಂದ ಅದು 2106 ಎಂದಿತು. ತೆರಿಗೆ ಶೇ 5ರ ಬದಲು ಶೇ 18 ಆಯಿತು. ದೇಶವೆಲ್ಲ ನಕ್ಕಿತು. 2025ರ ಸೆಪ್ಟೆಂಬರಿನ ದರಪಟ್ಟಿಯಲ್ಲಿ ಪರೋಟಕ್ಕೆ ತೆರಿಗೆಯೇ ಇಲ್ಲವಾಗಿ ಆ ಕಥೆ ಮುಗಿಯಿತು. ಆ ತೀರ್ಪನ್ನು ಒಪ್ಪಿದವರೂ ಒಂದು ವಿಷಯ ಗಮನಿಸಬೇಕು: ಅಲ್ಲಿನ ತರ್ಕ ‘ತಿನ್ನಲು ಸಿದ್ಧವಲ್ಲ’ ಎಂಬುದರ ಮೇಲೆ ನಿಂತಿತ್ತು. ಕ್ರ್ಯಾಕರ್ ಪೊಟ್ಟಣ ಒಡೆದ ಕೂಡಲೇ ತಿನ್ನುವ ವಸ್ತು. ಪರೋಟವನ್ನು 1905ರಿಂದ ಹೊರಹಾಕಿದ ತರ್ಕವೇ ಕ್ರ್ಯಾಕರನ್ನು ಒಳಗೆ ಉಳಿಸಬೇಕು.

ಎರಡು ಶೀರ್ಷಿಕೆಗಳೂ ಸಮಾನವಾಗಿ ಹೊಂದುವಂತೆ ತೋರಿದರೆ ಅಂಕಿಯಲ್ಲಿ ಕೊನೆಗೆ ಬರುವುದನ್ನು ಆರಿಸಬೇಕೆಂಬ, ಸುಂಕದ ಪಟ್ಟಿಯನ್ನು ಅರ್ಥೈಸುವ ನಿಯಮಗಳಲ್ಲಿನ 3(ಸಿ)ಯನ್ನು ಕೆಲವರು ಮುಂದಿಡುತ್ತಾರೆ. 2106 ಎಂಬುದು 1905ಕ್ಕಿಂತ ಕೊನೆಗೆ ಬರುತ್ತದಲ್ಲ ಎಂದು. ಇದು ಚತುರ ವಾದ, ಆದರೆ ನಿಲ್ಲದು. 2106 ತನ್ನ ಒಕ್ಕಣೆಯಲ್ಲಿಯೇ ‘ಬೇರೆಲ್ಲಿಯೂ ಹೇಳದ’ ಎಂದು ತನ್ನನ್ನು ಹಿಂದಕ್ಕೆ ಸರಿಸಿಕೊಂಡಿರುವಾಗ ಅದು 1905ರ ಜೊತೆ ಸಮನಾಗಿ ಸ್ಪರ್ಧಿಸುವ ಸಂದರ್ಭವೇ ಹುಟ್ಟುವುದಿಲ್ಲ. ಹೆಸರಿಟ್ಟು ಕರೆಯುವ ಶೀರ್ಷಿಕೆಗೆ ಸೇರುವ ನ್ಯಾಯವಾದ ಹಕ್ಕು ಇರುವ ವಸ್ತುವಿಗೆ ತಂದೆತಾಯಿಯನ್ನು ನಿರಾಕರಿಸಿ ಉಳಿಕೆಯ ಸಾಲೆಂಬ ಅನಾಥಾಲಯಕ್ಕೆ ಕಳಿಸುವುದು ವರ್ಗೀಕರಣದ ತತ್ವಕ್ಕೇ ವಿರುದ್ಧ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1975ರ ಡನ್‌ಲಪ್ ಇಂಡಿಯಾ ಪ್ರಕರಣದಲ್ಲಿ ಆಡಿದೆ. ಅಲ್ಲಿ ವಿವಾದ ರಬ್ಬರಿನ ಹಾಲಿನಂಥ ಲೇಟೆಕ್ಸಿನದು. ಬಿಸ್ಕತ್ತಿಗೆ ಅದು ಇನ್ನಷ್ಟು ಚೆನ್ನಾಗಿ ಒಪ್ಪುತ್ತದೆ.

ಹಾಗೆಂದು ಎಲ್ಲವೂ 1905ಕ್ಕೇ ಬರಲಿ ಎಂಬುದು ನನ್ನ ವಾದವಲ್ಲ. ಪ್ರೆಟ್ಜೆಲ್ ತುಂಡು, ಕರಿದ ಬಟಾಣಿ, ಕಡಲೆಕಾಯಿ ಬೀಜ, ಅಕ್ಕಿ ಕ್ರ್ಯಾಕರ್ ಎಲ್ಲವನ್ನೂ ಬೆರೆಸಿ ಡಬ್ಬದಲ್ಲಿ ತುಂಬಿ ಬರುವ ಮಿಶ್ರಣಗಳಿವೆ. ನಮ್ಮ ಟಿಪ್ಪಣಿಯಲ್ಲಿ ಮಿಕ್ಸ್‌ಚರ್ ಎಂಬ ಹೆಸರೇ ಇರುವಾಗ ಅವು 2106ಕ್ಕೆ ಹೋಗುವುದನ್ನು ನಾನು ಆಕ್ಷೇಪಿಸಲಾರೆ. ಕಡಲೆಹಿಟ್ಟಿನಿಂದ ಒತ್ತಿ ಎಣ್ಣೆಯಲ್ಲಿ ಕರಿದು ಸಿಂಗಪುರದಲ್ಲಿಯೋ ದುಬೈಯಲ್ಲಿಯೋ ಪೊಟ್ಟಣವಾದ ಸೇವೆ ವಾಪಸು ಇಲ್ಲಿಗೆ ಬಂದರೆ ಅದು ನಮ್ಕೀನೇ. ನನ್ನ ಅಹವಾಲು ಒಲೆಯಿಂದ ಬಂದ, ಕಲಸಿದ ಹಿಟ್ಟಿನ, ಒಂಟಿ ತಿಂಡಿಗಳ ಬಗ್ಗೆ ಮಾತ್ರ.

ಅಮೆರಿಕದ ಪಟ್ಟಿ ಈ ಗೆರೆಯನ್ನು ಹೇಗೆ ಎಳೆದಿದೆ ನೋಡಿ. ಅಲ್ಲಿ ಬ್ರೆಡ್ಡು, ಬಿಸ್ಕತ್ತು ಮತ್ತು ಅಂಥ ಬೇಯಿಸಿದ ಸರಕು 1905.90.10ರಲ್ಲಿ, ಸಾಮಾನ್ಯ ಸುಂಕ ಸೊನ್ನೆ. ಜೋಳದ ಚಿಪ್ಸ್ ಮತ್ತು ಅಂಥ ಖಾರದ ಕುರುಕಲುಗಳು 1905.90.90ರಲ್ಲಿ, ಸುಂಕ ಶೇ 4.5. ಬೇಯಿಸಿದ್ದೋ ಅಲ್ಲವೋ ಎಂಬ ಪ್ರಶ್ನೆಗೆ ಅಲ್ಲಿಯೂ ಹಣದ ಬೆಲೆಯಿದೆ, ಅಲ್ಲಿಯೂ ವಾದಗಳಾಗುತ್ತವೆ. ಆದರೆ ಎರಡೂ ಒಂದೇ ಶೀರ್ಷಿಕೆಯೊಳಗಿನ ಸಾಲುಗಳು, ಅಂತರ ನಾಲ್ಕೂವರೆ. ಜೊತೆಗೆ ಅಲ್ಲಿನ ಕಸ್ಟಮ್ಸ್ ಇಲಾಖೆ ಕೊಟ್ಟ ವರ್ಗೀಕರಣ ತೀರ್ಪುಗಳನ್ನು ಯಾರು ಬೇಕಾದರೂ ಪದ ಹಾಕಿ ಹುಡುಕಿ ಓದಬಹುದು; ಸಂಯೋಜನೆ, ತಯಾರಿಕೆಯ ಬಗೆ, ಕಾರಣ ಎಲ್ಲವೂ ಒಂದೆರಡು ಪುಟಗಳಲ್ಲಿ ಇರುತ್ತವೆ. ಹೊಸದಾಗಿ ವ್ಯಾಪಾರಕ್ಕಿಳಿಯುವವನು ತನ್ನ ತಿಂಡಿಗೆ ಹತ್ತಿರದ ತೀರ್ಪನ್ನು ಹತ್ತು ನಿಮಿಷದಲ್ಲಿ ಕಂಡುಕೊಳ್ಳುತ್ತಾನೆ.

ನಮ್ಮಲ್ಲಿಯೂ ಮುಂಗಡ ತೀರ್ಪಿನ ವ್ಯವಸ್ಥೆ ಇದೆ. 2021ರಿಂದ ಮುಂಬೈ ಮತ್ತು ದೆಹಲಿಗಳಲ್ಲಿ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಗಳು ಕೆಲಸ ಮಾಡುತ್ತಿವೆ. ಶುಲ್ಕ ₹10,000, ತೀರ್ಪಿಗೆ ಮೂರು ತಿಂಗಳ ಗಡುವು. ವರ್ಷವಿಡೀ ಒಂದೇ ತಿಂಡಿ ತರುವ ದೊಡ್ಡ ಆಮದುದಾರರಿಗೆ ಇದು ಒಳ್ಳೆಯ ದಾರಿ, ನಾನೂ ಹಲವರಿಗೆ ಇದನ್ನೇ ಸೂಚಿಸಿದ್ದೇನೆ. ಆದರೆ ಆ ತೀರ್ಪು ಅರ್ಜಿದಾರನನ್ನೂ ಆ ಸರಕಿನ ಮಟ್ಟಿಗೆ ಇಲಾಖೆಯನ್ನೂ ಕಟ್ಟುತ್ತದೆಯೇ ಹೊರತು ಪಕ್ಕದ ಆಮದುದಾರನಿಗೆ ರಕ್ಷೆಯಾಗುವುದಿಲ್ಲ. ಹಬ್ಬದ ಕಾಲಕ್ಕೆ ಎರಡು ಕಂಟೇನರ್ ತರಿಸುವ ಅಂಗಡಿಯವನಿಗೆ ಅದರಿಂದ ಏನು ಪ್ರಯೋಜನ? ಅವನಿಗೆ ಬೇಕಾಗಿರುವುದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಒಂದು ಸುತ್ತೋಲೆ. ಚೌಕ ಹಪ್ಪಳಕ್ಕೆ ತೆರಿಗೆಯಿದೆಯಂತೆ ಎಂಬ ಗುಲ್ಲು 2021ರಲ್ಲಿ ಎದ್ದಾಗ, ಆಕಾರ ಯಾವುದಾದರೂ ಹಪ್ಪಳಕ್ಕೆ ವಿನಾಯಿತಿಯಿದೆ ಎಂದು ಇದೇ ಮಂಡಳಿ ತಕ್ಷಣ ಸ್ಪಷ್ಟಪಡಿಸಿತ್ತು. ಕರಿಯದ ಸ್ನ್ಯಾಕ್ ಪೆಲೆಟ್‌ಗಳ (ಮನೆಯಲ್ಲಿ ಕರಿದು ತಿನ್ನುವ ಒಣ ತಿಂಡಿ ತುಣುಕುಗಳು) ಗೊಂದಲವನ್ನೂ 2023ರಲ್ಲಿ ಜಿಎಸ್‌ಟಿ ಮಂಡಳಿ ಬಗೆಹರಿಸಿತು. ಬೇಯಿಸಿದ ತಿಂಡಿಗೆ ಆ ಯೋಗ ಏಕೆ ಬಂದಿಲ್ಲವೋ ತಿಳಿಯದು.

ದೇಶದ ತಿಂಡಿ ತಯಾರಕರಿಗೆ ರಕ್ಷಣೆ ಬೇಡವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಹಗುರವಾದದ್ದಲ್ಲ. 2018ರಲ್ಲಿ ದರ ಏರಿಸಿದ ಉದ್ದೇಶವೂ ದೇಶೀಯ ಆಹಾರ ಸಂಸ್ಕರಣೆಯ ರಕ್ಷಣೆಯೇ, ಬಜೆಟ್ ಭಾಷಣದಲ್ಲಿ ಅದನ್ನು ಮುಚ್ಚಿಟ್ಟಿರಲಿಲ್ಲ. ಹೊರಗಿನ ಕ್ರ್ಯಾಕರ್ ಅಗ್ಗವಾಗಿ ಬಂದು ನಮ್ಮ ಬೇಕರಿಗಳಿಗೆ ಪೆಟ್ಟಾಗುತ್ತಿದೆಯೆಂದು ಸರ್ಕಾರಕ್ಕೆ ಅನ್ನಿಸಿದರೆ 1905ರ ದರವನ್ನೂ ಶೇ 50 ಮಾಡಲಿ. ಅದು ಸಂಸತ್ತಿನಲ್ಲಿ ಚರ್ಚೆಯಾಗುತ್ತದೆ, ಎಲ್ಲರಿಗೂ ಒಂದೇ ದಿನ ಅನ್ವಯಿಸುತ್ತದೆ, ಆರ್ಡರು ಕೊಡುವ ಮೊದಲೇ ವ್ಯಾಪಾರಿಗೆ ಗೊತ್ತಿರುತ್ತದೆ. ದರ ಏರಿಸುವ ಬದಲು ವಸ್ತುವಿನ ಹೆಸರನ್ನು ಬದಲಿಸುವುದು ಮಾತ್ರ ಸರಿಯಲ್ಲ. ಒಬ್ಬನಿಗೆ ಬಿಸ್ಕತ್ತಾಗಿ, ಇನ್ನೊಬ್ಬನಿಗೆ ನಮ್ಕೀನಾಗಿ ಒಂದೇ ತಿಂಡಿ ಒಂದೇ ವಾರ ಎರಡು ಬಂದರುಗಳಿಂದ ಹೊರಬಂದರೆ ಪೆಟ್ಟು ಬೀಳುವುದು ನಿಯಮ ಪಾಲಿಸಿದವನಿಗೇ. ವಿದೇಶಗಳೊಂದಿಗಿನ ವ್ಯಾಪಾರ ಒಪ್ಪಂದಗಳ ರಿಯಾಯಿತಿಯೂ ಸಾಲಿನ ಅಂಕಿಯ ಮೇಲೆಯೇ ನಿಂತಿರುವುದರಿಂದ, ಹೆಸರು ಬದಲಾದರೆ ಮೂಲ ದೇಶದ ಪ್ರಮಾಣಪತ್ರದಲ್ಲಿ ಬರೆದ ಅಂಕಿಗೂ ಇಲ್ಲಿ ಹಾಕಿದ ಅಂಕಿಗೂ ತಾಳೆಯಾಗದೆ ಆ ರಿಯಾಯಿತಿಯೂ ತಕರಾರಿಗೆ ಬೀಳುತ್ತದೆ.

ಇದನ್ನು ಸರಿಪಡಿಸಲು ಹತ್ತಿರದಲ್ಲಿಯೇ ಒಂದು ಸಂದರ್ಭವೂ ಬರುತ್ತಿದೆ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಪಟ್ಟಿಯ ಹೊಸ ಆವೃತ್ತಿ 2028ರ ಜನವರಿ 1ರಿಂದ ಜಾರಿಗೆ ಬರಲಿದೆ. ಅದಕ್ಕೆ ತಕ್ಕಂತೆ ನಮ್ಮ ಪಟ್ಟಿಯನ್ನೂ ತಿದ್ದಲೇಬೇಕು. ಆಗ 1905 90ರ ಕೆಳಗೆ ‘ಬೇಯಿಸಿದ, ಖಾರದ ಅಥವಾ ಉಪ್ಪಿನ ತಿಂಡಿಗಳು’ ಎಂದು ಒಂದು ಎಂಟು ಅಂಕಿಯ ಸಾಲು ಸೇರಿಸುವುದಕ್ಕೂ, 21ನೆಯ ಅಧ್ಯಾಯದ ಆರನೆಯ ಪೂರಕ ಟಿಪ್ಪಣಿಗೆ ‘1905ರಲ್ಲಿ ಸೇರಿದವುಗಳನ್ನು ಬಿಟ್ಟು’ ಎಂಬ ಮೂರು ಪದ ಕೂಡಿಸುವುದಕ್ಕೂ ಹೆಚ್ಚಿನ ಶ್ರಮವೇನೂ ಬೇಡ. ಅಲ್ಲಿಯವರೆಗೆ ಒಂದು ಸುತ್ತೋಲೆ ಸಾಕು. ರಾಜ್ಯದ ವಾಣಿಜ್ಯ ಮಂಡಳಿಗಳು ಬಜೆಟ್ ಪೂರ್ವ ಮನವಿಗಳಲ್ಲಿ ಈ ಚಿಕ್ಕ ವಿಷಯವನ್ನೂ ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಮೇಲೆ ಹೇಳಿದ 2021ರ ಆ ಕ್ರ್ಯಾಕರುಗಳ ವಿಷಯ: ಅರವತ್ತು ದಿನಗಳ ಗಡುವಿನೊಳಗೆ ಮೇಲ್ಮನವಿ ಸಲ್ಲಿಸಿದೆವು, ಮಾದರಿ ಪೊಟ್ಟಣವೊಂದನ್ನು ಕಡತದ ಜೊತೆ ಲಗತ್ತಿಸಿದೆವು. ನಾನು 2023ರಲ್ಲಿ ನಿವೃತ್ತನಾದಾಗ ಅದರ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಲಗತ್ತಿಸಿದ ಪೊಟ್ಟಣದ ಬಾಳಿಕೆಯ ಅವಧಿ ಮುಗಿದು ಒಂದು ವರ್ಷ ಕಳೆದಿತ್ತು.

ತಮ್ಮ ವಿಶ್ವಾಸಿ,
ನಿವೃತ್ತ ಕಸ್ಟಮ್ಸ್ ದಾಖಲೆ ಸಹಾಯಕ,
ಬೆಂಗಳೂರು